ಚಹಾ ಕುಡಿಯದ ಗೌಂಡಿ

ಶನಿವಾರ ಸಂಜೆ ಗಾರೆ ಕೆಲಸದ ಗೌಂಡಿ ನಮ್ಮ ಬಚ್ಚಲಮನೆಯ ಮೂಲೆಯಲ್ಲಿ ಒಂದು ತಂಬಿಗೆ ನೀರು ಸುರಿದು, ಅದು ಹರಿಯುವುದನ್ನು ನೋಡುತ್ತ ಕುಕ್ಕರಗಾಲಲ್ಲಿ ಕೂತರು. ಗಡಹಿಂಗ್ಲಜದ ನಮ್ಮ ಮನೆಯ ಹಳೆ ಬಚ್ಚಲಲ್ಲಿ ನೀರು ನಿಲ್ಲುತ್ತಿತ್ತು. ಅಲ್ಲೇ ಅವ್ವ ಜಾರಿ ಬಿದ್ದಿದ್ದಳು. ಆಮೇಲೆ ನಾನು ಹಿಡಿದುಕೊಳ್ಳದೆ ಅವಳ ಸ್ನಾನ ಆಗುತ್ತಿರಲಿಲ್ಲ. ಅವಳಿಗೆ ಅದು ಭಾಳ ನಾಚಿಕೆ. ಅದಕ್ಕೇ ಎಲ್ಲ ಕಿತ್ತು ನೆಲಕ್ಕೆ ಹೊಸ ಫರಶಿಕಲ್ಲು ಹಾಕಿಸುತ್ತಿದ್ದೆವು.

ಕೆಲಸ ನಡೆದ ಐದೂ ದಿನ, ಚಹಾ ತಂದಾಗಲೆಲ್ಲ ಗೌಂಡಿಯದು ಒಂದೇ ಮಾತು: “ಮೊದಲ ನೀರ ಹೋಗಲಿರೀ, ಆಮ್ಯಾಲ ಚಹಾ.”

ಆ ಶನಿವಾರ ನೀರೆಲ್ಲ ಹರಿದುಹೋಗಿ, ಬಾಗಿಲ ಬಳಿ ಮಾತ್ರ ರೂಪಾಯಿಯಷ್ಟು ಅಗಲ ನೀರು ಉಳಿಯಿತು. ಅವರು ಅದನ್ನು ಬೆರಳಿಂದ ಮುಟ್ಟಿ ನೋಡಿ, ಸುತ್ತಿಗೆ ತಗೊಂಡು ಎರಡು ಫರಶಿ ಒಡೆದೇಬಿಟ್ಟರು.

“ಏನ್ರೀ ಗೌಂಡಿ, ಅಷ್ಟ ನೀರಾಗ ಯಾರ ಮುಳಗತಾರ?” ಎಂದಳು ಅವ್ವ.

“ಮುಳಗೂದಿಲ್ರೀ ಆಯಿ, ಜಾರತೀರಿ.”

ಹೊಸವೆರಡನ್ನು ಕೂರಿಸಿ, “ಸಿಮೆಂಟ್ ಆರಲಿ, ಸೋಮವಾರ ನೋಡೂಣು” ಎಂದು ಹೋದರು. ಮರುದಿನ ಬೆಳಗ್ಗೆ ಅವರು ಎದೆನೋವಿನಿಂದ ತೀರಿಕೊಂಡರೆಂದು ಸುದ್ದಿ ಬಂತು.

ಸೋಮವಾರ ಅವ್ವನೇ ತಂಬಿಗೆ ಸುರಿದಳು. ಒಂದು ಹನಿ ನಿಲ್ಲಲಿಲ್ಲ. ಈಗ ಅವಳು ಬಾಗಿಲು ಹಾಕಿಕೊಂಡು ಒಬ್ಬಳೇ ಸ್ನಾನ ಮಾಡುತ್ತಾಳೆ. ಇಚಲಕರಂಜಿಯಿಂದ ಅಕ್ಕ ಬಂದರೆ ಮೊದಲು ಬಚ್ಚಲಿಗೆ ಕರೆದೊಯ್ದು, ನೀರು ಸುರಿದು ತೋರಿಸಿ, “ನೋಡ, ನಮ್ಮ ಗೌಂಡಿ ಕೆಲಸ” ಎನ್ನುತ್ತಾಳೆ.

ನಮ್ಮ ಮನೆಯ ಚಹಾ ಅವರು ಒಮ್ಮೆಯೂ ಕುಡಿಯಲಿಲ್ಲ.