ಸೀಮೆಯ ಕಲ್ಲಿನ ಮೇಲಿನ ಸಾಸಿವೆ

ಅಣ್ಣಿಗೇರಿಯಿಂದ ಬೆಳಗಿನ ಆರೂವರೆಯ ಬಸ್ಸು ಹಿಡಿದೆವು, ನಾನು ಮತ್ತು ಅವ್ವನ ತಂಗಿ ಗಂಗವ್ವ. ನಾನವಳನ್ನು ಚಿಗವ್ವ ಎನ್ನುತ್ತೇನೆ. ಅವಳ ಒಬ್ಬಳೇ ಮಗಳು ರತ್ನಾ ತೀರಿಕೊಂಡು ಆರು ದಿನವಾಗಿತ್ತು. ತವರಿಗೆ ಕರೆತರುವ ಮೊದಲೇ, ದಿನ ತುಂಬುವ ಮುಂಚೆಯೇ ಗಂಡನ ಊರಿನಲ್ಲಿ ಹೆರಿಗೆಯಾಗಿ, ಒಂಬತ್ತನೇ ದಿನ ಜ್ವರ ಬಂದು ಹೋಗಿಬಿಟ್ಟಳು. ಈಗ ಹೊರಟದ್ದು ಅವಳ ಹೆಣ್ಣು ಕೂಸನ್ನು ತರಲಿಕ್ಕೆ.

ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ನಾನು ಗಿರ್ಮಿಟ್ ತಿಂದೆ. ಚಿಗವ್ವ ಅರ್ಧ ಕಪ್ಪು ಚಹಾ ಕುಡಿದಳು, ಅಷ್ಟೇ. ಕಲಘಟಗಿಯಿಂದ ಒಳಗೆ ಒಂಬತ್ತು ಕಿಲೋಮೀಟರು, ಟಂಟಂ ಗಾಡಿಗೆ ತಲೆಗೆ ಮೂವತ್ತು ರೂಪಾಯಿ. ಮಳೆ ನಿಂತು ಬಿಸಿಲು ಬಿದ್ದಿತ್ತು. ಭತ್ತದ ಗದ್ದೆಗಳಿಂದ ಏಳುತ್ತಿದ್ದ ಸೆಕೆಗೆ ಉಸಿರು ಕಟ್ಟುವಂತಿತ್ತು. ಊರ ಸೀಮೆಯ ಕಲ್ಲಿನ ಬಳಿಯೇ ಗಾಡಿಯವನು ನಿಲ್ಲಿಸಿದ. ಒಳಗೆ ಬರಲು ಒಪ್ಪಲಿಲ್ಲ, ಇಲ್ಲೇ ಕಾಯುತ್ತೇನೆ ಎಂದ.

ಮನೆಯ ಪಡಸಾಲೆಯಲ್ಲಿ ಬಣ್ಣದ ತೊಟ್ಟಿಲು ಖಾಲಿ ತೂಗುತ್ತಿತ್ತು. ಕೂಸು ಅಡುಗೆಮನೆಯಲ್ಲಿ, ಜೋಳದ ಚೀಲಗಳ ಹಿಂದೆ, ಮೊರದಲ್ಲಿ ಮಲಗಿತ್ತು. ಪಕ್ಕದಲ್ಲಿ ಕುಡುಗೋಲು. ರತ್ನಾಳ ಅತ್ತೆ ನೀಲವ್ವ ಅರಳೆಯಿಂದ ಅದಕ್ಕೆ ಆಡಿನ ಹಾಲು ಹನಿಸುತ್ತಿದ್ದಳು. ಆರು ದಿನ ನಿದ್ದೆಯಿಲ್ಲದೆ ಅವಳ ಕಣ್ಣುಗಳು ಕೆಂಪಾಗಿದ್ದವು. ತೊಟ್ಟಿಲಿನ ಗುರುತು ರತ್ನಾಳಿಗೆ ಇದೆ, ಅದಕ್ಕೇ ಇಲ್ಲಿ ಬಚ್ಚಿಟ್ಟಿದ್ದೇನೆ ಎಂದಳು. ಬಾಣಂತಿಯಾಗಿ ಸತ್ತವಳಿಗೆ ಮೇಲಿನ ದಾರಿ ತೆರೆಯುವುದಿಲ್ಲವಂತೆ. ಮಣ್ಣಿನಲ್ಲಿ ಎದೆಹಾಲು ಒಣಗಿದ ಮೇಲೆ ಕೂಸನ್ನು ಹುಡುಕಿ ಬರುತ್ತಾಳಂತೆ. ಹಾಲೂಡಿಸಲಾಗದೆ ಅದರ ರಕ್ತವನ್ನೇ ಹೀರುತ್ತಾಳಂತೆ. ಕೂಸಿನ ಹಿಮ್ಮಡಿ ಎತ್ತಿ ಎರಡು ಕೆಂಪು ಚುಕ್ಕೆ ತೋರಿಸಿದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಏನೋ ಹುಳ ಕಚ್ಚಿದ್ದು ಎಂದೆ. ಆದರೂ ಆ ಹಿಮ್ಮಡಿಯನ್ನು ಮುಟ್ಟಿ ನೋಡಲಿಲ್ಲ.

ನೀಲವ್ವ ಒಂದು ಗಂಟು ಸಾಸಿವೆ ತಂದು ಚಿಗವ್ವನ ಮುಂದಿಟ್ಟಳು.

“ಸೀಮಿ ದಾಟೂಮುಂದ ಇದನ್ನ ಹಿಂದ ಚೆಲ್ರಿ. ಆಕಿ ಕಾಳು ಆರಿಸ್ಕೋಂತ ಅಲ್ಲೇ ಕುಂಡ್ರತಾಳ, ಬೆನ್ನ ಹತ್ತೂದಿಲ್ಲ. ಚೆಲ್ತೀನಿ ಅಂದ್ರ ಕೂಸು ಕೊಡತೀನಿ.”

ಹಿಂತಿರುಗಿ ನೋಡಬಾರದು, ಹೆಸರು ಹಿಡಿದು ಕರೆಯಬಾರದು ಎಂದೂ ಹೇಳಿದಳು. ಚಿಗವ್ವ ಗಂಟನ್ನು ಪಕ್ಕಕ್ಕೆ ಸರಿಸಿದಳು. ನೀಲವ್ವ ಕೂಸನ್ನು ಎದೆಗೆ ಅವಚಿ ಹಿಂದೆ ಸರಿದಳು. ಬಾಗಿಲಲ್ಲಿ ಓಣಿಯ ಹೆಂಗಸರು ನೆರೆದಿದ್ದರು. ರತ್ನಾಳ ಗಂಡ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತೇ ಇದ್ದ. ನನಗೆ ತಡೆಯಲಾಗಲಿಲ್ಲ. “ಚೆಲ್ತೀವ್ರಿ,” ಎಂದುಬಿಟ್ಟೆ. ಚಿಗವ್ವ ನನ್ನನ್ನೇ ನೋಡಿದಳು.

ಸೀಮೆಯವರೆಗೆ ಹೆಂಗಸರೆಲ್ಲ ನಮ್ಮ ಹಿಂದೆ ಬಂದರು. ಕೂಸು ನನ್ನ ಕೈಯಲ್ಲಿತ್ತು, ಸಾಸಿವೆಯ ಗಂಟು ಚಿಗವ್ವನ ಕೈಯಲ್ಲಿ. ಕಲ್ಲಿನ ಹತ್ತಿರ ಚಿಗವ್ವ ನಿಂತಳು. ಗಂಟನ್ನು ಬಿಚ್ಚದೆ ಕಲ್ಲಿನ ಮೇಲಿಟ್ಟಳು. ಆಮೇಲೆ ಊರಿನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಕರೆದಳು.

“ರತ್ನಾ, ಏಳವ್ವಾ. ತವರಮನೀಗೆ ಹೋಗೂಣು. ನಿನ್ನ ಬಾಣಂತನ ಇನ್ನೂ ಬಾಕಿ ಐತಿ.”

ಒಬ್ಬಾಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನೀಲವ್ವ ಕೂಸನ್ನು ಕಸಿದುಕೊಳ್ಳುವವಳಂತೆ ಮುನ್ನುಗ್ಗಿದಳು. ನಾನು ಓಡಿಹೋಗಿ ಗಾಡಿ ಹತ್ತಿದೆ. ಚಿಗವ್ವ ಅವಸರವಿಲ್ಲದೆ ಬಂದು ನನ್ನೆದುರು, ಮುಂದಕ್ಕೆ ಮುಖ ಮಾಡಿ ಕುಳಿತಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು.

ಗಾಡಿ ಹೊರಟಾಗ ನನ್ನ ಮುಖ ಹಿಂದಕ್ಕಿತ್ತು. ನೀಲವ್ವ ಕಲ್ಲಿನ ಮೇಲಿನ ಗಂಟನ್ನೆತ್ತಿಕೊಂಡು, ರಸ್ತೆಯ ಆ ಅಂಚಿನಿಂದ ಈ ಅಂಚಿನವರೆಗೆ ಬಗ್ಗಿ ಬಗ್ಗಿ ಸಾಸಿವೆ ಚೆಲ್ಲುತ್ತಿದ್ದಳು. ಅಳುತ್ತಲೂ ಇದ್ದಳು.

ಅದನ್ನು ಕಂಡು ನನಗೆ ಎದೆ ಹಗುರಾಯಿತು. ಮರಳಿ ಬರುವಾಗ ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರು ಚುಕ್ಕೆಗಳನ್ನು ನೋಡಿ ತಿಗಣೆ ಕಚ್ಚಿದ್ದೆಂದು ನಕ್ಕರು. ಆಗಲೂ ಅಷ್ಟು ಹಗುರಾಗಲಿಲ್ಲ. ನೀಲವ್ವ ಸಾಸಿವೆ ಚೆಲ್ಲಿದ್ದನ್ನಾಗಲಿ, ನನ್ನೆದೆ ಹಗುರಾದದ್ದನ್ನಾಗಲಿ ಚಿಗವ್ವನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.