ನಾನು ಹಾಕಿಸಿದ ರಸ್ತೆ

ಸ್ಕೂಟರ್ ಸವಾರರ ಬೆನ್ನು ನೋಡಿಯೇ ಅವರು ಎಂಥ ಓಣಿಯವರೆಂದು ಹೇಳಬಲ್ಲ ವಿದ್ಯೆಯೊಂದು ನನಗೆ ಸಿದ್ಧಿಸಿದೆ. ನುಣುಪಾದ ರಸ್ತೆಯಲ್ಲಿ ವಾಸಿಸುವ ಭಾಗ್ಯವಂತರು ಸಿಂಹಾಸನವೇರಿದವರಂತೆ ನೆಟ್ಟಗೆ ಕೂರುತ್ತಾರೆ. ಗುಂಡಿಗಳ ಓಣಿಯವರು ಮಾತ್ರ ಸಮತಟ್ಟಾದ ಹೆದ್ದಾರಿಯಲ್ಲೂ, ಮೇಷ್ಟ್ರು ಯಾವ ಕ್ಷಣದಲ್ಲಾದರೂ ಎಬ್ಬಿಸಬಹುದೆಂದು ಕಾದಿರುವ ವಿದ್ಯಾರ್ಥಿಗಳಂತೆ, ಸೀಟಿಗೂ ತಮಗೂ ನಡುವೆ ಒಂದಿಷ್ಟು ಆಕಾಶವನ್ನು ಉಳಿಸಿಕೊಂಡೇ ಸಾಗುತ್ತಾರೆ. ನಾನು ಬಹುಕಾಲ ಈ ಎರಡನೆಯ ಪಂಗಡದವನು. ಸರಸ್ವತಿ ನಗರದ ಮನೆಯಿಂದ ಪಕ್ಕದೂರಾದ ಹರಿಹರದ ಕಾಲೇಜಿಗೆ ಕನ್ನಡ ಪಾಠ ಹೇಳಲು ನಿತ್ಯ ಹೋಗಿಬರುತ್ತಿದ್ದ ದಿನಗಳಲ್ಲಿ, ಎರಡು ಊರುಗಳ ನಡುವಿನ ದಾರಿಗಿಂತ ನನ್ನ ಮನೆಗೂ ಮುಖ್ಯರಸ್ತೆಗೂ ನಡುವಿನ ಓಣಿಯೇ ದೀರ್ಘವೆನಿಸುತ್ತಿತ್ತು. ಛಂದಸ್ಸು ಕಲಿಸುವವನಾದ್ದರಿಂದ ಗುರು ಲಘುಗಳ ಭೇದ ಬಾಯಿಗೆ ಮಾತ್ರವಲ್ಲ, ಬೆನ್ನುಮೂಳೆಗೂ ಕಂಠಪಾಠವಾಗಿತ್ತು.

ನಿವೃತ್ತನಾದ ಮೇಲೆ ಗುಂಡಿಗಳನ್ನು ದಾಟುವ ಕೆಲಸ ತಪ್ಪಿತು. ಅವುಗಳ ಬಗ್ಗೆ ಚಿಂತಿಸುವ ಬಿಡುವು ದೊರೆಯಿತು. ಡಾಂಬರನ್ನು ಎಂದೂ ಮುಟ್ಟದ ನಾನು ಡಾಂಬರಿನ ವಿಷಯದಲ್ಲಿ ಪಂಡಿತನಾದೆ. ಸಂಜೆಯ ಹೊತ್ತು ಹರಿಹರದ ಗೆಳೆಯ ವಿರೂಪಾಕ್ಷಪ್ಪನಿಗೆ ಫೋನ್ ಮಾಡಿ ರಸ್ತೆಗಳ ಅಧೋಗತಿಯನ್ನು ವರ್ಣಿಸುತ್ತಿದ್ದೆ. ಅವನೂ ನಿವೃತ್ತ ಅಧ್ಯಾಪಕನೇ. ಫೋನನ್ನು ಮೇಜಿನ ಮೇಲಿಟ್ಟು ಆಗಾಗ ‘ಹೂಂ’ ಎನ್ನುವ ಔದಾರ್ಯ ಅವನದು.

ನಮ್ಮ ವಾರ್ಡಿನ ಸಭೆಯಲ್ಲಿ ಓಣಿಗೆ ಡಾಂಬರು ಮಂಜೂರಾದ ಸುದ್ದಿ ಬಂದಾಗ ಮುಂದಿನ ಸಾಲಿನಲ್ಲಿ ಕೂತಿದ್ದವನು ನಾನೇ. ಸುದ್ದಿ ತಂದ ಇಂಜಿನಿಯರ್ ರೇಖಾ ನನ್ನ ಶಿಷ್ಯೆಯರ ವಯಸ್ಸಿನವಳು. ಖುಷಿಯ ಗದ್ದಲ ತಣ್ಣಗಾದ ಮೇಲೆ ಆಕೆ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದಳು.

“ಕೆಳಗಿನ ನೀರಿನ ಪೈಪು ಭಾಳ ಹಳೇವು ಅದಾವ್ರಿ. ಮೊದಲು ಅವನ್ನ ಬದಲಾಯ್ಸಿ, ಮಣ್ಣು ಕುಂತ ಮೇಲೆ ಡಾಂಬರು ಹಾಕಿದ್ರೆ ಚಲೋ. ಈ ಮಳೆಗಾಲ ಒಂದು ಕಳೀಲಿ.”

ಮತ್ತೊಂದು ಮಳೆಗಾಲವೇ! ನಾನು ಎದ್ದು ನಿಂತೆ. ಆಡಳಿತದಲ್ಲಿ ದಕ್ಷತೆ ಎಂಬ ವಿಷಯವಾಗಿ ‘ದಕ್ಷ’ ಶಬ್ದದ ವ್ಯುತ್ಪತ್ತಿಯಿಂದಲೇ ಶುರುಮಾಡಿದೆ. ದಕ್ಷಯಜ್ಞ ಹೇಗೆ ಮುಗಿಯಿತೆಂಬುದು ಆ ಆವೇಶದಲ್ಲಿ ಮರೆತೇ ಹೋಗಿತ್ತು. ವಿಳಂಬವೇ ಅದಕ್ಷತೆಯ ಮೂಲ ಎಂದೆ. ಕೊನೆಗೆ ಚಪ್ಪಾಳೆಗೆಂದೇ ಕಾದಿರಿಸಿದ್ದ ವಾಕ್ಯವನ್ನು ಬಿಟ್ಟೆ: “ಮೇಡಂ, ಪೈಪು ಯಾರಿಗೂ ಕಾಣಲ್ಲ, ಗುಂಡಿ ಎಲ್ಲರಿಗೂ ಕಾಣ್ತೈತೆ. ಕಾಣೋದನ್ನ ಮೊದ್ಲು ಸರಿ ಮಾಡ್ರಿ!”

ಚಪ್ಪಾಳೆ ಬಿತ್ತು. ರೇಖಾ ಸಭೆಯತ್ತ ಒಮ್ಮೆ ನೋಡಿ, “ಎಲ್ರೂ ಅದನ್ನೇ ಅಂತೀರಿ ಅಂದ್ರೆ ಆಯ್ತ್ರಿ” ಎಂದಳು. ಅದನ್ನು ನಾನು ಶರಣಾಗತಿ ಎಂದು ಅರ್ಥೈಸಿಕೊಂಡೆ. ಹಳಗನ್ನಡ ಪದ್ಯಗಳಿಗೆ ಅರ್ಥ ಹೇಳುವಾಗಲೂ ನನಗೆ ಇಂಥದೇ ಆತ್ಮವಿಶ್ವಾಸವಿತ್ತು.

ರಸ್ತೆಯಾಯಿತು. ರೋಲರ್ ಹಾಯುವಾಗ ಅಡುಗೆಮನೆಯ ಪಾತ್ರೆಗಳೆಲ್ಲ ಮಂಗಳವಾದ್ಯ ನುಡಿಸಿದವು. ಬೆಳಗಿನ ವಾಯುವಿಹಾರಕ್ಕೆ ಉದ್ಯಾನವನ್ನು ತ್ಯಜಿಸಿ ಓಣಿಯಲ್ಲೇ ಓಡಾಡತೊಡಗಿದೆ. ಅಗೆತದ ಭಯದಿಂದ ಒಂದು ಫಲಕವನ್ನೂ ಬರೆಸಿ ಗೇಟಿನ ಪಕ್ಕ ನೆಟ್ಟೆ: ‘ರಸ್ತೆಯನ್ನು ಅಗೆಯುವುದು ನಾಗರಿಕತೆಯನ್ನೇ ಅಗೆದಂತೆ.’ ಪೇಂಟರ್ ‘ನಾಗರಿಕತೆ’ಯನ್ನು ‘ನಾಗರೀಕತೆ’ ಮಾಡಿದ್ದನ್ನು ತಿದ್ದಿಸಿದ ಮೇಲೆಯೇ ನನಗೆ ನಿದ್ದೆ. ವಿರೂಪಾಕ್ಷಪ್ಪನನ್ನು ರಸ್ತೆ ನೋಡಲು ಆಹ್ವಾನಿಸಿದೆ. ಮದುವೆ, ಮುಂಜಿ, ಗೃಹಪ್ರವೇಶಗಳ ಕರೆಗೆ ಓಗೊಟ್ಟು ದಣಿದಿದ್ದ ಅವನು, “ರಸ್ತೆ ನೋಡಾಕ ರಸ್ತೆ ಮ್ಯಾಲೇ ಬರಬೇಕಲ್ಲಪ್ಪ. ಮಂಡಿನೋವು ಕಮ್ಮಿ ಆದ ದಿನ ಬರ್ತೀನಿ ತಗ” ಎಂದ.

ಮುಂದಿನ ಬೆಳವಣಿಗೆಯನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ ವಿಮಲ. ರಂಗೋಲಿ ಹಾಕಲು ಹೋದವಳು ಪುಡಿಯ ಬಟ್ಟಲಿನೊಂದಿಗೆ ಹಾಗೆಯೇ ಮರಳಿ ಬಂದಳು.

“ರೀ, ಗೇಟಿನ ಮುಂದೆ ಡಾಂಬರು ಒದ್ದೆ ಐತೆ. ಕೆಳಗೆ ಪೈಪು ಒಡೆದಿರಬೇಕು.”

“ಇಬ್ಬನಿ” ಎಂದೆ.

“ಬ್ಯಾಸಿಗೆಯಾಗೆ? ನಮ್ಮ ಮನೆ ಮುಂದೊಂದೇ?”

ಅಂಥ ಪ್ರಶ್ನೆಗಳಿಗೆ ಕಾವ್ಯಮೀಮಾಂಸೆಯಲ್ಲಿ ಉತ್ತರವಿಲ್ಲ. ಆಕೆ ಒಳಗೆ ಹೋದ ಮೇಲೆ ತುಳಸಿ ಕುಂಡವೊಂದನ್ನು ಎಳೆದುತಂದು ಆ ಒದ್ದೆಯ ಮೇಲಿಟ್ಟೆ. ಕುಂಡದಿಂದ ಸೋರಿದ ನೀರೆಂದು ಜನ ತಿಳಿಯಲಿ ಎಂಬುದು ನನ್ನ ಎಣಿಕೆ. ಒದ್ದೆ ಹಿಗ್ಗಿದಂತೆ ಕುಂಡಗಳೂ ಹೆಚ್ಚಿದವು. ದಾರಿಹೋಕರೊಬ್ಬರು ನಿಂತು, “ಗಾರ್ಡನ್ ಚೆಂದ ಮಾಡೀರಿ” ಎಂದು ಮೆಚ್ಚಿದಾಗ ವಿನಯದಿಂದ ಕೈಮುಗಿದೆ.

ಆಟ ಮುಗಿದದ್ದು ಪಕ್ಕದ ಮನೆಯ ನಸೀಮಾ ಬಾನು ಬಂದ ಬೆಳಗ್ಗೆ. ಮನೆಯಲ್ಲೇ ರವಿಕೆ ಹೊಲಿಯುವ ಆಕೆಯ ಕೊರಳಲ್ಲಿ ಅಳತೆಯ ಟೇಪು ಸದಾ ಜೋತಾಡುತ್ತಿರುತ್ತದೆ. ಅಂದು ಟೇಪಿರಲಿಲ್ಲ.

“ಮೇಷ್ಟ್ರೇ, ನಿಮ್ಮ ನಲ್ಲಿ ನೀರು ಹೆಂಗೈತ್ರಿ? ನಮ್ಮದು ನಾತ ಹೊಡೀತೈತೆ. ಮೊಮ್ಮಗಳಿಗೆ ರಾತ್ರಿಯಿಂದ ವಾಂತಿ, ಭೇದಿ. ಕೂಸು ಬಾಡಿ ಹೋಗೈತೆ. ಗ್ಲೂಕೋಸ್ ಹಚ್ಚ್ಯಾರೆ. ಡಾಕ್ಟ್ರು ನೀರು ನೋಡ್ಕಳ್ರಿ ಅಂದ್ರು.”

ನಮ್ಮ ಮನೆಯ ನೀರು ಫಿಲ್ಟರಿನಲ್ಲಿ ಶುದ್ಧವಾಗಿ ಬರುತ್ತಿತ್ತು, ನಲ್ಲಿಯ ನೀರು ಕೆಟ್ಟದ್ದು ನಮಗೆ ತಿಳಿದಿರಲಿಲ್ಲ. ರೋಲರಿನ ಭಾರಕ್ಕೋ ವಯಸ್ಸಿಗೋ ಬಿರುಕುಬಿಟ್ಟ ಪೈಪಿನೊಳಕ್ಕೆ, ನೀರು ಬಿಡದ ಹೊತ್ತಿನಲ್ಲಿ ಚರಂಡಿಯ ಕೊಳೆ ಇಳಿಯುತ್ತಿತ್ತು. ಅದರ ಮೇಲೆ ನಾನು ತುಳಸಿ ಬೆಳೆಸುತ್ತಿದ್ದೆ. ಆ ಕೂಸು ನಿತ್ಯ ನಮ್ಮ ಗೇಟಿಗೆ ಜೋತುಬಿದ್ದು ‘ಮೇಷ್ಟ್ರು ತಾತಾ’ ಎಂದು ಕೂಗುವ ಕೂಸು. ನನ್ನ ಬಾಯಿಂದ ಆ ಬೆಳಗ್ಗೆ ಒಂದು ಅಲಂಕಾರವೂ ಹೊರಡಲಿಲ್ಲ. “ನೀವು ಆಸ್ಪತ್ರೆಗೆ ನಡೀರಿ, ಓಣಿಯಾಗೆ ಯಾರೂ ನಲ್ಲಿ ನೀರು ಕುಡೀಬ್ಯಾಡ್ರಿ ಅಂತ ನಾನು ಹೇಳ್ತೀನಿ” ಎಂದು ಹೊರಟೆ. ಮನೆ ಮನೆಯ ಬಾಗಿಲು ತಟ್ಟುತ್ತಲೇ ರೇಖಾಳಿಗೆ ಫೋನ್ ಮಾಡಿದೆ.

“ಮೇಡಂ, ರಸ್ತೆ ಅಗೀಬೇಕಾಗೈತೆ.”

“ಯಾವ ರಸ್ತೆ ಸರ್?”

“ನಾನು ಹಾಕಿಸಿದ್ದು.”

“ಬಂದೆ ಸರ್” ಎಂದಳು. ಬಂದು ಕುಂಡಗಳ ಸಾಲನ್ನು ನೋಡಿದಳು, ನನ್ನನ್ನು ನೋಡಿದಳು, ‘ಅವತ್ತೇ ಹೇಳಿದ್ದೆ’ ಎಂಬ ಮಾತನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಪ್ರತಿಭಾಷಣಕ್ಕೊಂದು ಅವಕಾಶವಾದರೂ ಸಿಗುತ್ತಿತ್ತು. ನೀರು ನಿಲ್ಲಿಸಿ, ಟ್ಯಾಂಕರ್ ತರಿಸಿ, ಮಧ್ಯಾಹ್ನದೊಳಗೆ ಡಾಂಬರು ಒಡೆಯುವ ಯಂತ್ರವನ್ನು ತಂದು ನಿಲ್ಲಿಸಿದಳು. ಓಣಿಯ ಎಲ್ಲ ಪೈಪನ್ನೂ ಬದಲಿಸಬೇಕೆಂದೂ, ಅದುವರೆಗೆ ವಾಹನಗಳನ್ನು ಬೇರೆ ದಾರಿಗೆ ತಿರುಗಿಸಲು ಯಾರಾದರೂ ನಿಲ್ಲಬೇಕೆಂದೂ ಹೇಳಿದಳು. ಯಾರು ಎಂದು ಆಕೆ ಕೇಳುವ ಮೊದಲೇ ವಿಮಲ ನನ್ನ ಟೋಪಿ ತಂದುಕೊಟ್ಟಳು.

ಓಣಿಯ ತುದಿಯಲ್ಲಿ ನಾನು ರವಿಕೆ ಬಟ್ಟೆಯ ಕೆಂಪು ತುಂಡೊಂದನ್ನು ಬೀಸುತ್ತಾ ನಿಂತೆ. ನನ್ನ ಫಲಕವನ್ನು ಕಿತ್ತು, ಹಿಂಬದಿಗೆ ‘ದಾರಿ ಇಲ್ಲ’ ಎಂದು ಬರೆದು, ಗುಂಡಿಯ ಮುಂದೆ ಒರಗಿಸಲಾಯಿತು. “ಮೊನ್ನೆ ಹಾಕ್ಯಾರೆ, ಇವತ್ತು ಅಗೀತಾರೆ, ತಲೆ ಇದ್ದೋರು ಮಾಡೋ ಕೆಲಸ ಏನ್ರೀ ಇದು?” ಎಂದು ಒಬ್ಬ ಆಟೋದವನು ಗದರಿದ. “ಇಲ್ರಿ” ಎಂದು ಒಪ್ಪಿಕೊಂಡೆ. ಅಂಥ ಮಾತುಗಳನ್ನು ನಾನು ಎಷ್ಟು ಬಾರಿ ಪ್ರಯೋಗಿಸಿದ್ದೆನೋ! ಕೇಳಿಸಿಕೊಳ್ಳುವ ಜಾಗದಿಂದ ಅವುಗಳ ಶೈಲಿ ಬೇರೆಯೇ ಆಗಿ ಕೇಳಿಸುತ್ತದೆ.

ವಿರೂಪಾಕ್ಷಪ್ಪನ ಮಂಡಿನೋವು ಕಡಿಮೆಯಾಗಲು ಅದೇ ವಾರವೇ ಬೇಕಿತ್ತೇ? ಹರಿಹರದಿಂದ ಬಸ್ಸಿಗೆ ಬಂದು, ಓಣಿಯ ತುದಿಯಲ್ಲಿ ಆಟೋ ಇಳಿದು, ಮಣ್ಣಿನ ದಿಬ್ಬವನ್ನೂ ಕೆಂಪು ಬಟ್ಟೆ ಹಿಡಿದ ನನ್ನನ್ನೂ ನಿಧಾನವಾಗಿ ಅವಲೋಕಿಸಿದ.

“ಎಲ್ಲೈತಪ್ಪಾ ನಿನ್ನ ರಸ್ತೆ?”

“ಈಗ ಕೆಳಗಿಂದ ಶುರು ಮಾಡೀವಿ” ಎಂದೆ.

ಅವನು ನಕ್ಕ ನಗುವಿಗೆ ಗುಂಡಿಯೊಳಗಿದ್ದವರೂ ತಲೆಯೆತ್ತಿ ನೋಡಿದರು. ಆಮೇಲೆ ಅವನೂ ಒಂದಷ್ಟು ಹೊತ್ತು ಬಟ್ಟೆ ಬೀಸಿದ. ನನಗಿಂತ ಅವನ ಮಾತನ್ನೇ ಸ್ಕೂಟರಿನವರು ಹೆಚ್ಚು ಕೇಳಿದರು. ಸಂಜೆ ನಸೀಮಾ ಬಾನು ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಆಸ್ಪತ್ರೆಯಿಂದ ಮರಳಿದಳು. ಕೂಸು ಸೊರಗಿತ್ತು, ಆದರೆ ಗುಂಡಿ ಕಂಡದ್ದೇ ಒಳಗೆ ಇಳಿಯಬೇಕೆಂದು ಹಟ ಹಿಡಿದು ಅತ್ತಿತು. ಅಷ್ಟು ಇಂಪಾದ ಅಳುವನ್ನು ನಾನು ಕೇಳಿರಲಿಲ್ಲ.

ಮೊನ್ನೆ ಪಕ್ಕದ ಓಣಿಯ ಸಭೆಗೆ ರೇಖಾ ನನ್ನನ್ನು ಕರೆದಳು. ಅಲ್ಲೂ ಹಳೆಯ ಪೈಪು, ಅಲ್ಲೂ ಡಾಂಬರಿನ ಅವಸರ. ನಾನು ಎದ್ದುನಿಂತು, “ಸ್ವಲ್ಪ ತಡೀರಿ, ಮೊದ್ಲು ಪೈಪು ಆಗ್ಲಿ” ಎಂದೆ. ಮುಂದಿನ ಸಾಲಿನಿಂದ ಬಿಳಿ ಅಂಗಿಯ ಹಿರಿಯರೊಬ್ಬರು ಥಟ್ಟನೆ ಎದ್ದರು. “ನಿಮ್ಮ ಓಣಿಗೆ ಹಾಕಿಸ್ಕಂಡು, ನಮಗೆ ತಡೀರಿ ಅಂತೀರಾ? ದಕ್ಷತೆ ಅಂದ್ರೆ ಏನು ಗೊತ್ತೈತೇನ್ರಿ ನಿಮಗೆ?” ಎಂದರು. ಚಪ್ಪಾಳೆ ಬಿತ್ತು.

ಅವರ ಹುರುಪು, ಎತ್ತಿದ ಬೆರಳು, ಚಪ್ಪಾಳೆಗೆ ಬಿಟ್ಟುಕೊಟ್ಟ ವಿರಾಮ ಎಲ್ಲವೂ ನನಗೆ ತೀರಾ ಪರಿಚಿತವೆನಿಸಿದವು, ವಾದಿಸಲು ಮನಸ್ಸಾಗಲಿಲ್ಲ. “ಇಲ್ರಿ, ಪೂರ್ತಿ ಗೊತ್ತಿಲ್ಲ” ಎಂದೆ. “ಬರ್ರಿ, ನಮ್ಮ ಓಣಿಯಾಗೆ ಹಾಕಿರೋ ತೇಪೆ ತೋರಿಸ್ತೀನಿ. ಹಂಗೇ ಮನೆಗೆ ಬಂದು ಚಾ ಕುಡಿದು ಹೋಗೀರಂತೆ.”

ಅವರು ಅನುಮಾನದಿಂದಲೇ ಹೊರಟರು. ದಾರಿಯುದ್ದಕ್ಕೂ ಮಾತಾಡಿದವರು ಅವರೇ. ನಾನು ಆಗಾಗ ‘ಹೂಂ’ ಎನ್ನುತ್ತಿದ್ದೆ.