ಕಾಲುಸಂಕ ಕೇಳಿದ ಸದಸ್ಯೆ

ಎರಡು ಸಾವಿರದ ಇಸವಿಯ ಈಚಿನ ಆ ವರ್ಷಗಳಲ್ಲಿ, ಅಂಕೋಲೆಯ ಹಿನ್ನೀರಿನಾಚೆಯ ನಮ್ಮ ಕೇರಿಗೆ ಆಕೆ ಪಂಚಾಯತ್ ಸದಸ್ಯೆ. ಬೆಳಗಿನ ಹೊತ್ತು ಮೀನು ಮಾರುವಾಕೆ. ಮಾತಿಗೆ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದು, ನನ್ನ ಆತುರ ಕಂಡಾಗಲೆಲ್ಲ "ಗಡಬಡಿ ಮಾಡ್ಬೇಡ ತಮಾ" ಎನ್ನುವುದು ಆಕೆಯ ರೂಢಿ.

ಶಾಲೆ ಆಚೆದಡದಲ್ಲಿತ್ತು. ಶಾಲೆಯ ಹೊತ್ತಿಗೆ ಉಬ್ಬರ ಬಂದರೆ ಕೇರಿಯ ಮಕ್ಕಳಿಗೆ ಅಂದಿನ ಪಾಠ ತಪ್ಪುತ್ತಿತ್ತು. ನಡೆದು ದಾಟಲು ಒಂದು ಕಾಲುಸಂಕಕ್ಕೆ ರಾಜ್ಯ ಸರ್ಕಾರದ ಅನುದಾನ ಕೋರಿ, ಆಗಷ್ಟೇ ಕಾಲೇಜು ಮುಗಿಸಿದ್ದ ನಾನು ಆಕೆಯ ಪರವಾಗಿ ಬರೆದ ಅರ್ಜಿ ತಿರಸ್ಕೃತವಾಯಿತು: ಲಗತ್ತಿಸಿದ ಚಿತ್ರದಲ್ಲಿ ನೀರೇ ಇರಲಿಲ್ಲ. ನಾನು ಇಳಿತದ ವೇಳೆಯಲ್ಲಿ ಫೋಟೋ ತೆಗೆದಿದ್ದೆ.

"ಭಾಷಣದಲ್ಲಿ ಕಪ್ ತಂದಾಂವಂಗೆ ನೀರು ನೋಡ್ಕಂಡು ಫೋಟೋ ಹೊಡಿಯೂಕೆ ಗೊತ್ತಿಲ್ಲ!" ಎಂದು ಆಕೆ ನಕ್ಕಳು.

ಮೇಲ್ಮನವಿಯ ಮೇಲೆ, ಬಯಲುಸೀಮೆಯಿಂದ ಕಾರವಾರಕ್ಕೆ ಹೊಸದಾಗಿ ಬಂದಿದ್ದ ಎಂಜಿನಿಯರರು ಸ್ಥಳ ನೋಡಲು ಬಂದರು. ಅವರೂ ಬೇಡವೆಂದರೆ ಮತ್ತೆ ಕೇಳಲು ದಾರಿಯಿರಲಿಲ್ಲ. ಆಗಲೂ ಇಳಿತ. ಜೀಪನ್ನು ಆಚೆದಡದಲ್ಲಿ ಬಿಟ್ಟು, ಕೆಸರಿನ ಮೇಲೆ ನಡೆದೇ ದಾಟಿದ ಅವರು, "ಇಲ್ಲಿ ಸಂಕ ಯಾಕಮ್ಮ?" ಎಂದರು.

ವಾದ ಮಂಡಿಸಲು ಹೊರಟ ನನ್ನನ್ನು ಆಕೆ ಕಣ್ಣಲ್ಲೇ ತಡೆದಳು. "ಊಟ ಮಾಡ್ಕಂಡೇ ಹೋಗ್ಬೇಕು ಸಾಹೇಬ್ರೆ."

ಆಕೆಯ ಮನೆಯಲ್ಲಿ ಬಂಗಡೆ ಸಾರು ಕುದಿಯುವಷ್ಟರಲ್ಲಿ, ದಡದ ಕೆಸರಲ್ಲಿ ಬೇರೂರಿದ ಕಾಂಡ್ಲಾ ಗಿಡಗಳ ಬುಡದಲ್ಲಿ ನೀರು ಸದ್ದಿಲ್ಲದೆ ಮೂಡಿತು. ಕೆಸರು ಬೆಳ್ಳಿಯಾಯಿತು, ಬೆಳ್ಳಿ ಆಕಾಶವಾಯಿತು. ದೂರದ ಜೀಪು ಮೋಡಗಳ ನಡುವೆ ತೇಲುತ್ತಿರುವಂತೆ ಕಂಡಿತು.

ಉಂಡು ಕೈ ತೊಳೆದು ಬಂದ ಎಂಜಿನಿಯರರು ಅಂಗಳದಲ್ಲೇ ನಿಂತುಬಿಟ್ಟರು. "ವರ್ಷಕ್ಕೆ ಎಷ್ಟು ಸಲ ಹೀಗಾಗ್ತದೆ?"

"ದಿನಕ್ಕೆ ಎರಡು ಸಲ," ಎಂದಳು ಆಕೆ, ಅವರಿಗೆ ಕೂರಲು ಚಾಪೆ ಹಾಸುತ್ತ.

ಅವರು ಕುಳಿತು, ನಮ್ಮ ಅರ್ಜಿಯ ಕಡತ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು.